ಪೂಜೆಯಾದ ಮಿಕ್ಸಿ

ತೊಂಬತ್ತರ ದಶಕದ ಮಾತು. ಚಾಮರಾಜಪೇಟೆಯ ಅಂಗಡಿಯೊಂದರಲ್ಲಿ ಕೊಂಡ ಹೊಸ ಮಿಕ್ಸಿ ಒಂದು ಸುತ್ತೂ ತಿರುಗಲಿಲ್ಲ. ಮರುದಿನವೇ ವಾಪಸ್ ಹೊತ್ತುಕೊಂಡು ಹೋದೆ. ಮಾಲೀಕ ಸ್ವಿಚ್ ಹಾಕಿ ನೋಡುವ ಗೋಜಿಗೇ ಹೋಗಲಿಲ್ಲ. ಅಮ್ಮ ಮಿಕ್ಸಿಗೆ ಇಟ್ಟಿದ್ದ ಕುಂಕುಮಕ್ಕೆ ಬೆರಳು ತೋರಿಸಿದ.

“ಪೂಜೆ ಮಾಡ್ಬಿಟ್ಟಿದೀರಲ್ಲ ಸಾರ್! ಇದನ್ನ ಇನ್ನೊಬ್ರಿಗೆ ಹೆಂಗ್ ಮಾರ್ಲಿ?”

ಕೆಟ್ಟಿದ್ದನ್ನು ಮಾರಲು ಅಡ್ಡಿಯಿಲ್ಲ, ಕುಂಕುಮ ಮಾತ್ರ ಅಡ್ಡಿ! ಒರೆಸಿಯೇ ಕೊಡೋಣವೆಂದು ಕರ್ಚೀಫ್ ತೆಗೆದು ಮಿಕ್ಸಿಯನ್ನು ನನ್ನ ಕಡೆ ತಿರುಗಿಸಿಕೊಂಡೆ. ಅದರ ಒಂದು ಬದಿಯಲ್ಲಿ ಅರೆಬರೆ ಅಳಿಸಿದ ಮೂರು ಪಟ್ಟೆ ವಿಭೂತಿ ಕಂಡಿತು.

“ನಮ್ಮನೇಲಿ ವಿಭೂತಿ ಹಚ್ಚೋ ಪದ್ಧತಿನೇ ಇಲ್ಲ ಕಣ್ರೀ. ಇದು ಯಾರ ಮನೇದು?”

ಮಹಾಶಯ ಕಣ್ಣೂ ಮಿಟುಕಿಸಲಿಲ್ಲ. “ಕಂಪನಿಯೋರೇ ಪೂಜೆ ಮಾಡಿ ಕಳಿಸ್ತಾರೆ ಸಾರ್.”

ಅಷ್ಟೊಂದು ಭಕ್ತಿಯಿರುವ ಕಂಪನಿ, ಒಳಗೆ ತಿರುಗುವ ಮೋಟಾರೊಂದನ್ನೂ ಇಟ್ಟು ಕಳಿಸಬಹುದಿತ್ತು.