ಗಡಿಯಾರ ಕೊಂಡ ಭಾನುವಾರ

ಒಳ್ಳೆಯ ಕೈಗಡಿಯಾರವೊಂದನ್ನು ಯಾವಾಗ ಕೊಳ್ಳಬೇಕು ಎಂಬ ಪ್ರಶ್ನೆಯನ್ನು ನಾನು ಸುಮಾರು ಎರಡು ವರ್ಷ ಮುಂದೂಡಿದೆ. ಕೆಲಸ ಕಾಯಂ ಆಗಲಿ ಎಂದುಕೊಂಡೆ, ಆಯಿತು. ಅವ್ವನ ಮಂಡಿನೋವು ವಾಸಿಯಾಗಲಿ ಎಂದುಕೊಂಡೆ. ಅದು ವಾಸಿಯಾಗುವಂಥದ್ದಲ್ಲ ಎಂದು ವೈದ್ಯರೇ ಹೇಳಿದರು. ರೇಷ್ಮೆ ಸಾಕುವ ಹುಳುಮನೆಯ ಮೇಲಿನ ಶೀಟು ಬದಲಾಯಿಸಿದ ಮೇಲೆ ನೋಡೋಣ ಎಂದುಕೊಂಡೆ. ಶೀಟೂ ಬದಲಾಯಿತು. ನಮ್ಮ ಮನೆಯಲ್ಲಿ ಪದವಿ ಪಡೆದವನು ನಾನೊಬ್ಬನೇ. ಅದಕ್ಕಾಗಿ ಉಳಿದವರು ಏನೇನನ್ನು ಬಿಟ್ಟುಕೊಟ್ಟರೆಂದು ತಿಳಿದಿದ್ದರಿಂದ, ನನಗಾಗಿಯೇ ಒಂದು ವಸ್ತುವನ್ನು ಕೊಳ್ಳಲು ಯಾವ ದಿನವೂ ಸರಿಯಾದ ದಿನವೆಂದು ತೋರುತ್ತಿರಲಿಲ್ಲ.

ಆಸೆ ಹುಟ್ಟಿದ್ದು ಹಾರೋಹಳ್ಳಿಯ ಕಾರ್ಖಾನೆಯಲ್ಲಿ. ನಾನು ಅಲ್ಲಿ ಗುಣಮಟ್ಟ ಪರೀಕ್ಷಿಸುವ ವಿಭಾಗದಲ್ಲಿದ್ದೇನೆ. ಒಂದು ಸಭೆಯಲ್ಲಿ ವೇಳೆ ನೋಡಲೆಂದು ಮೊಬೈಲ್ ತೆಗೆದಾಗ ಮ್ಯಾನೇಜರ್ ಮಾತು ನಿಲ್ಲಿಸಿ, “ಏನ್ರೀ, ಮನೇಲಿ ಯಾರಾದ್ರೂ ಕಾಯ್ತಾ ಇದ್ದಾರಾ?” ಎಂದರು. ಎಲ್ಲರೂ ನಕ್ಕರು. “ಟೈಮ್ ನೋಡ್ತಿದ್ದೆ ಸರ್” ಎಂದು ತೊದಲಿದೆ. ಸ್ವಲ್ಪ ಹೊತ್ತಿನ ಬಳಿಕ ಅವರೂ ವೇಳೆ ನೋಡಿದರು. ಮಣಿಕಟ್ಟನ್ನು ತುಸು ತಿರುಗಿಸಿದರು, ಅಷ್ಟೇ. ಯಾರೂ ನಗಲಿಲ್ಲ.

ರಾಮನಗರದ ಅಂಗಡಿಯೊಂದರಲ್ಲಿ ಉಕ್ಕಿನ ಪಟ್ಟಿಯ ಗಡಿಯಾರವನ್ನು ಆರಿಸಿಟ್ಟಿದ್ದೆ. ಸೆಲ್ ಬೇಡ, ಕೈಯ ಚಲನೆಯಿಂದಲೇ ನಡೆಯುತ್ತದೆ. “ಒಂದೇ ಪೀಸ್ ಇರೋದು ಸರ್. ಭಾನುವಾರದವರೆಗೆ ಬೇರೆಯವರಿಗೆ ತೋರ್ಸಲ್ಲ” ಎಂದು ಅಂಗಡಿಯವರು ಹೇಳಿದ್ದರು. ಆ ವಾರ ನನಗೆ ರಜೆಯಿದ್ದದ್ದೂ ಭಾನುವಾರವೇ.

ಅದೇ ವಾರ, ಮಾಗಡಿ ತಾಲ್ಲೂಕಿನ ಕಲ್ಯದ ಬಳಿಯ ನಮ್ಮೂರಿನಲ್ಲಿ, ಅಕ್ಕ ಸಾಕುತ್ತಿದ್ದ ರೇಷ್ಮೆಹುಳುಗಳು ಹಣ್ಣಾಗುವ ಹಂತಕ್ಕೆ ಬಂದಿದ್ದವು. ಅಕ್ಕ ಹತ್ತನೆಯ ತರಗತಿಗೇ ಓದು ಬಿಟ್ಟು ಅವ್ವನ ಜೊತೆ ಹುಳುಮನೆ ಸೇರಿದವಳು. ಅದೇ ಊರಿಗೆ ಮದುವೆಯಾದ್ದರಿಂದ ಈಗಲೂ ದಿನಾ ಬರುತ್ತಾಳೆ. ಅವ್ವನಿಗೆ ಕೂತು ಏಳಲು ಆಗದಂತಾದ ಮೇಲೆ, ಆ ಬೆಳೆಯನ್ನು ಮೊದಲ ಬಾರಿಗೆ ಅಕ್ಕನೊಬ್ಬಳೇ ವಹಿಸಿಕೊಂಡಿದ್ದಳು. ಅಪ್ಪ ಸ್ಪಷ್ಟವಾಗಿ ಹೇಳಿದ್ದರು: “ಇದೊಂದ್ ಬೆಳೆ ನೀನೇ ನೋಡ್ಕೊ. ಸರ್‍ಯಾಗಿ ಬಂದ್ರೆ ಹುಳಿನ್ ಮನೆ ನಿನ್ ಕೈಲೇ ಇರ್ಲಿ. ಇಲ್ದಿದ್ರೆ ಸೊಪ್ಪನ್ನ ಯಾರ್ಗಾರ ಮಾರ್ಕೊಂಡು ಸುಮ್ಕಿರಾನ.”

ಶನಿವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು.

“ಹುಳ ಮೇಯೋದು ಕಮ್ಮಿ ಮಾಡವೆ ಕಣೋ. ನಾಳೆ ಮದ್ಯಾನಕ್ಕೇ ಹಣ್ಣಾಗ್ತವೇನೋ ಅನ್ನುಸ್ತೈತೆ. ಹೊತ್ತಾರೆನೇ ಬತ್ತೀಯಾ? ಆಳುಗಳ್ಗೂ ಹೇಳ್ಬೇಕು.”

ಹಣ್ಣಾದ ಹುಳು ಮೇವು ಬಿಟ್ಟು, ಮೈ ಪಾರದರ್ಶಕವಾಗಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅದೇ ಗಳಿಗೆಗೆ ಆರಿಸಿ ಚಂದ್ರಿಕೆಯೆಂಬ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ತಡವಾದರೆ ಅದು ಕಾಯುವುದಿಲ್ಲ. ಹಿಪ್ಪುನೇರಳೆ ಸೊಪ್ಪಿನ ಕಡ್ಡಿಗಳ ನಡುವೆಯೇ ನೂಲು ಬಿಡತೊಡಗುತ್ತದೆ. ನಾನು ಪದವಿಯಲ್ಲಿ ರೇಷ್ಮೆ ಕೃಷಿಯನ್ನು ಒಂದು ವಿಷಯವಾಗಿ ಓದಿದ್ದೆ. ಹುಳುಗಳು ನಾಲ್ಕನೆಯ ಜ್ವರದಿಂದ, ಅಂದರೆ ಕೊನೆಯ ಬಾರಿ ಪೊರೆ ಕಳಚುವ ನಿದ್ದೆಯಿಂದ, ಎದ್ದ ದಿನದಿಂದ ಬೆರಳು ಮಡಚಿ ಎಣಿಸಿದೆ.

“ಇಲ್ಲಕ್ಕ, ಲೆಕ್ಕದ ಪ್ರಕಾರ ನಾಳೆ ಸಂಜೆಗೆ ಮುಂಚೆ ಆಗೋದಿಲ್ಲ. ಆಳುಗಳಿಗೆ ನಾಲ್ಕು ಗಂಟೆಗೆ ಬರೋಕೆ ಹೇಳು. ಅಷ್ಟೊತ್ತಿಗೆ ನಾನೂ ಬರ್ತೀನಿ.”

“ನಂಗ್ಯಾಕೋ ಹಂಗನ್ನುಸ್ತಿಲ್ಲ…”

“ನಾನು ಇದನ್ನೇ ಓದಿದ್ದೀನಲ್ಲಕ್ಕ.”

“ಆಯ್ತು ಬುಡು. ಓದ್ದೋನು ನೀನು.”

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನ್ನ ಮನಸ್ಸು ಇಂದು ಇಷ್ಟು ಭಾರವಾಗಿರುತ್ತಿರಲಿಲ್ಲ. ಸೆಖೆ ಹೆಚ್ಚಾದರೆ ಹುಳು ಬೇಗ ಹಣ್ಣಾಗುತ್ತದೆ ಎಂಬುದನ್ನೂ ನಾನು ಓದಿದ್ದೆ. ಅದು ಏಪ್ರಿಲ್ ತಿಂಗಳು. ಹುಳುಮನೆಯ ಗೋಡೆಯ ಮೇಲಿರುವ ಉಷ್ಣಮಾಪಕ ಎಷ್ಟು ತೋರಿಸುತ್ತಿದೆ ಎಂದು ನಾನು ಕೇಳಲಿಲ್ಲ. ಮರೆತೆನೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಆ ಪ್ರಶ್ನೆಗೆ ಬರಬಹುದಾದ ಉತ್ತರದಿಂದ ನನ್ನ ಭಾನುವಾರ ಕೈತಪ್ಪುತ್ತಿತ್ತು.

ಭಾನುವಾರ ಹನ್ನೊಂದು ಗಂಟೆಗೆ ರಾಮನಗರದ ಅಂಗಡಿ ತಲುಪಿದೆ. ಪಟ್ಟಿ ಸಡಿಲವಾಗಿತ್ತು, ಕೊಂಡಿ ತೆಗೆಯುವವರು ಒಂದು ಗಂಟೆಗೆ ಬರುತ್ತಾರೆಂದರು. ಕಾದೆ. ಅವರು ಬಂದು ಕೆಲಸ ಆರಂಭಿಸಿದ್ದರಷ್ಟೇ, ಅಕ್ಕನ ಕರೆ ಬಂತು.

“ಎಲ್ಲಿದ್ದೀಯೋ? ಹುಳ ಎಲ್ಲಾ ತಲೆ ಎತ್ಕಂಡು ಅಂಚಿಗ್ ಹತ್ತವೆ! ಆಳುಗಳು ಬ್ಯಾರೆ ಕಡೆ ಕೂಲಿಗ್ ಹೋಗ್ಬುಟ್ಟವ್ರೆ, ನಾನೇ ನಾಕ್ ಗಂಟೆಗ್ ಬನ್ನಿ ಅಂದಿದ್ನಲ್ಲಾ!”

“ಬಸ್ಸಲ್ಲಿದ್ದೀನಕ್ಕ” ಎಂದೆ.

ಕೊಂಡಿ ಕೂಡಿಸುವವರೆಗೂ ನಾನು ಆ ಕುರ್ಚಿಯಿಂದ ಎದ್ದಿರಲಿಲ್ಲ.

ಊರು ತಲುಪಿದಾಗ ನಾಲ್ಕಾಗಿತ್ತು. ಬೇಲಿಯ ಬಳಿಯೇ ಗಡಿಯಾರ ಬಿಚ್ಚಿ ಚೀಲದೊಳಗೆ ಹಾಕಿದೆ. ಕೈಕಾಲು ತೊಳೆದು ಹುಳುಮನೆಯೊಳಗೆ ಹೋದರೆ, ಅಕ್ಕ ಬೆವರಿನಲ್ಲಿ ತೊಯ್ದು ಎರಡೂ ಕೈಗಳಿಂದ ಹುಳು ಆರಿಸುತ್ತಿದ್ದಳು. ಅವ್ವ ಸ್ಟೂಲಿನ ಮೇಲೆ ಕುಳಿತು ಕೈಗೆಟಕಿದಷ್ಟನ್ನು ಆರಿಸುತ್ತಿದ್ದಳು. ಕಡ್ಡಿಗಳ ಸಂದಿಯಲ್ಲಿ ಆಗಲೇ ಬಿಳಿಯ ನೂಲು ಹಬ್ಬಿತ್ತು. ಒಂದೇ ಕಡೆ ಎರಡೆರಡು ಹುಳುಗಳು ಸೇರಿ, ನೂಲು ಸಲೀಸಾಗಿ ಬಿಚ್ಚದ ಜೋಡಿ ಗೂಡು ಕಟ್ಟುತ್ತಿದ್ದವು. ಅಕ್ಕ ಕತ್ತೆತ್ತದೆ, “ಬಂದ್ಯಾ? ಆ ಚಂದ್ರಿಕೆ ಹಿಡ್ಕೊ” ಎಂದಳು.

ಆರನೆಯ ದಿನ ಗೂಡು ಬಿಡಿಸಿ, ರಜೆ ಹಾಕಿ, ಅಪ್ಪನ ಜೊತೆ ರಾಮನಗರದ ಮಾರುಕಟ್ಟೆಗೆ ಹೋದೆ. ನೂಲು ತೆಗೆಯುವ ರೀಲರೊಬ್ಬರು ನಮ್ಮ ಗೂಡಿನ ರಾಶಿಗೆ ಕೈಹಾಕಿ ಒಂದು ಹಿಡಿ ಎತ್ತಿದರು. “ಏನ್ ಗೌಡ್ರೇ, ಹುಳಾನ ಸೊಪ್ಪಲ್ಲೇ ಮಲಗ್ಸಿ ಲಾಲಿ ಹಾಡ್ಬುಟ್ರಾ?” ಎಂದು ನಕ್ಕು ಮುಂದಿನ ರಾಶಿಗೆ ಹೋದರು. ಗೂಡು ಹೋದದ್ದು ಕಡಿಮೆ ಬೆಲೆಗೆ.

ಮನೆಯ ಜಗುಲಿಯಲ್ಲಿ ಚಪ್ಪಲಿ ಬಿಡುತ್ತಲೇ ಅಪ್ಪ ಅಕ್ಕನನ್ನು ಕೇಳಿದರು: “ಯಾಕವ್ವಾ ಹಿಂಗಾಯ್ತು? ನಿಂಗೆ ಗೊತ್ತಾಗ್ಲಿಲ್ವಾ?”

“ಬಿಸ್ಲು ಕಣಪ್ಪ. ಗೊತ್ತಾಗ್ಲಿಲ್ಲ” ಎಂದಳು ಅಕ್ಕ.

“ಹಂಗಾರೆ ಬುಡವ್ವ. ಸೊಪ್ಪು ಮಾರಾನ.”

ಅಕ್ಕ ಹೂಂ ಎಂದಳು. ಆ ಹೂಂ ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಅವಳಿಗೆ ಶನಿವಾರವೇ ಗೊತ್ತಾಗಿತ್ತೆಂದು, ಸಂಜೆಗೆ ಮುಂಚೆ ಆಗದೆಂದವನು ನಾನೆಂದು, ಬಸ್ಸಿನಲ್ಲಿರಲಿಲ್ಲವೆಂದು, ಎಲ್ಲಿದ್ದೆನೆಂದು ಹೇಳಿದೆ. ಚೀಲದಿಂದ ಗಡಿಯಾರ ತೆಗೆದು ತೋರಿಸಿದೆ.

ಅಪ್ಪ ಅದನ್ನು ಅಂಗೈಯಲ್ಲಿ ಹಿಡಿದು ನೋಡಿ ಹಿಂದಿರುಗಿಸಿದರು. “ತಂದ್ಮ್ಯಾಲೆ ಕಟ್ಕೊಳ್ಲಾ. ಚೀಲ್ದಾಗ್ ಮಡಿಕ್ಕೊಳಕ್ಕಾ ತಂದಿದ್ದು?” ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, “ಇನ್ನೊಂದ್ ಬೆಳೆ ಇಡು ತಾಯಿ” ಎಂದು ಒಳಗೆ ಹೋದರು.

ಅಕ್ಕ ಗಡಿಯಾರವನ್ನು ನೋಡಲೇ ಇಲ್ಲ.

“ವಾಚ್ ತಗಬೇಕು, ನಾಳೆ ಬರಕ್ಕಾಗಲ್ಲ ಅಂದಿದ್ರೆ ನಾನು ಬ್ಯಾಡ ಅಂತಿದ್ನೇನೋ? ಆಳುಗಳ್ನ ಕರ್‍ಕೊಂಡು ಮಾಡ್ಕೊಂತಿದ್ದೆ. ಲೆಕ್ಕ ಯಾಕ್ ಹೇಳ್ದೆ ನಂಗೆ?”



ಮುಂದಿನ ಬೆಳೆಗೆ ಅಕ್ಕ ಮೊಟ್ಟೆ ತಂದಳು. ಹಿಂದೆಲ್ಲ ಪ್ರತಿ ಜ್ವರಕ್ಕೂ ಫೋನ್ ಮಾಡಿ, “ಹಿಂಗಾಗವೆ, ಏನ್ ಮಾಡ್ಲಿ?” ಎಂದು ಕೇಳುತ್ತಿದ್ದಳು. ಈ ಬಾರಿ ಕರೆ ಬರಲಿಲ್ಲ. ನಾನೇ ಮಾಡಿ, “ಹುಳ ಹೇಗಿವೆ ಅಕ್ಕ?” ಎಂದರೆ, “ಚೆನ್ನಾಗವೆ” ಎಂದು, ನನ್ನ ಊಟದ ವಿಚಾರ ಕೇಳಿ ಫೋನ್ ಇಡುತ್ತಿದ್ದಳು. ಹುಳುಗಳು ಚಂದ್ರಿಕೆಗೆ ಏರಿದ ಸುದ್ದಿ ಮೂರು ದಿನದ ನಂತರ ಅಪ್ಪನಿಂದ ತಿಳಿಯಿತು. ಬೆಳೆ ಚೆನ್ನಾಗಿ ಬಂದಿತ್ತು. ಮಾರುಕಟ್ಟೆಗೆ ಜೊತೆಗೆ ಬರಲೇ ಎಂದು ಕೇಳಿದೆ.

“ಬ್ಯಾಡ ಕಣ್ಲಾ,” ಎಂದರು ಅಪ್ಪ. “ಅವ್ಳೇ ಹೋಯ್ತಾಳಂತೆ.”