ಸುಳಿ ಎಣಿಸುವ ಮಾಸ್ತರರು

ಮೊಣಕಾಲಿನ ಕೆಳಗೆ ಅವರ ಪ್ಯಾಂಟು ಸದಾ ಭೀಮಾ ಹೊಳೆಯ ಕೆಸರಿನ ಬಣ್ಣ. ಮೇಲೆ ಇಸ್ತ್ರಿ, ಕೆಳಗೆ ರಾಡಿ. ಇಂಡಿ ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಈ ಮಾಸ್ತರರು ತೊಂಬತ್ತರ ದಶಕದ ಕೊನೆಗೆ ನಮ್ಮ ಪಡಸಾಲೆ ಪಕ್ಕದ ಖೋಲಿಗೆ ಬಾಡಿಗೆಗೆ ಬಂದರು. ಕೂತಲ್ಲಿ ಕೂಡುವ ಮನುಷ್ಯರಲ್ಲ. ಊಟದ ನಡುವೆಯೇ ಎದ್ದು, ಅಗರಖೇಡದ ಬಸ್ಸು ಹಿಡಿದು ಹೊಳೆ ನೋಡಲು ಓಡುವರು.

"ಅಲ್ಲೇನೈತ್ರಿ ಮಾಸ್ತರ?" ಎಂದು ಕೇಳಿದೆ.

"ಸುಳಿ ಅದಾವ್ರಿ ಅಕ್ಕಾರ. ಸುಳಿ ಲೆಕ್ಕಾನ ನನ್ನ ಪಿಎಚ್‌ಡಿ."

ನಾನು ಮೂರನೆಯ ಇಯತ್ತೆ ಕಲಿತವಳು. ಸುಳಿ ಎಂದರೆ ನನಗೆ ಎತ್ತಿನ ಬೆನ್ನಿನ ಕೂದಲ ಸುಳಿ, ಮಕ್ಕಳ ನೆತ್ತಿಯ ಸುಳಿ. ಅದರ ಶುಭ ಅಶುಭ ಹೇಳುವ ವಿದ್ಯೆ ಕಲಿಯುತ್ತಿದ್ದಾರೆ, ಹೊಳೆಗೆ ಇಳಿಯುವ ದನ ನೋಡಲು ಹೋಗುತ್ತಾರೆ ಎಂದೇ ತಿಳಿದಿದ್ದೆ.

ಹೀಗಿರುವಾಗ ಕನ್ನೊಳ್ಳಿಯವರು ನನ್ನ ಮಗಳನ್ನು ನೋಡಲು ಬಂದರು. ಹುಡುಗ ಅವಳ ಮನಸ್ಸಿಗೆ ಬಂದಿದ್ದ. ಹುಡುಗನ ತಾಯಿ ಅವಳ ಸೆರಗು ಸರಿಸಿ, ನೆತ್ತಿ ನೋಡಿ ಕೈ ಹಿಂದೆಗೆದರು.

"ಎರಡು ಸುಳಿ ಅದಾವಲ್ಲವಾ. ಎರಡು ಲಗ್ನದ ಹಣೇಬರಹ. ನನ್ನ ಮಗ ಮೊದಲನೇ ಗಂಡ ಆಗೂದು ಬ್ಯಾಡ."

ಮಗಳ ಮುಖ ಬಾಡಿತು. "ನಿಂದರ್ರಿ, ಸುಳಿ ವಿದ್ಯಾ ಓದಿದವರು ನಮ್ಮ ಮನ್ಯಾಗ ಅದಾರ," ಎಂದವಳೇ ನಾನು ಓಡಿಹೋಗಿ, ಆಗತಾನೆ ಹೊಳೆಯಿಂದ ಬಂದಿದ್ದ ಮಾಸ್ತರರನ್ನು ಕೆಸರುಗಾಲಲ್ಲೇ ಎಳೆದು ತಂದೆ.

ವಿಷಯ ತಿಳಿದು ಅವರು ತಬ್ಬಿಬ್ಬಾದರು. "ನಾ ನೀರಿನ ಸುಳಿ ನೋಡಾಂವ್ರಿ. ತಲಿ ಸುಳಿ ನನಗ ಗೊತ್ತಿಲ್ಲ."

ಕನ್ನೊಳ್ಳಿಯವರು ಏಳಲು ಹೊರಟರು. ಮಾಸ್ತರರು ಅತ್ತಿಂದಿತ್ತ ತಿರುಗಾಡುತ್ತ ತಮ್ಮಷ್ಟಕ್ಕೆ ಶುರು ಮಾಡಿದರು. "ನೀರಾಗ ದೊಡ್ಡ ಸುಳಿ ಒಡದು ಸಣ್ಣವು ಆಗತಾವು. ಒಂದರ ಗುಂಗು ಇನ್ನೊಂದಕ್ಕ ಇರತೈತಿ. ಆ ಗದ್ದಲ ಅಳ್ಯಾಕ ಎಂಟ್ರೋಪಿ ಅಂತ ಮಾಪ ಐತ್ರಿ. ಹಳೇ ಮಾಪ ಎಲ್ಲಾನೂ ಬಿಡಿಬಿಡಿ ಎಣಿಸಿ ಒಂದೂ ಒಂದೂ ಎರಡು ಅಂತೈತಿ. ನಾ ಹಿಡದ ಹೊಸ ಮಾಪದಾಗ ಒಂದೂ ಒಂದೂ ಎರಡಾಗಂಗಿಲ್ಲ."

"ಹಂಗಾದ್ರ ಒಂದ ಲಗ್ನ ಅಂತ ಮಾತು ಕೊಡ್ತೀರೇನು?" ಹುಡುಗನ ತಾಯಿ ಕೇಳಿದರು.

ಹೂಂ ಅನ್ನಲಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ.

"ಇಲ್ರಿ. ಮುಂದಿನ ಸುಳಿ ಎಲ್ಲಿ ಏಳತೈತಿ ಅಂತ ಯಾರಿಗೂ ಹೇಳಾಕ ಬರಂಗಿಲ್ಲ."

ಮುಗಿಯಿತು ಎಂದುಕೊಂಡೆ. ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಹುಡುಗನ ಅಜ್ಜ ನಕ್ಕುಬಿಟ್ಟರು. "ಬಾಡಿಗಿ ಇದ್ದಾಂವ ಸುದ್ದಾ ಸುಳ್ಳ ಹೇಳಂಗಿಲ್ಲ ಈ ಮನ್ಯಾಗ. ಇನ್ನ ಹುಡುಗೀ ತಲಿ ಏನ್ ನೋಡ್ತಿ? ಸಕ್ರಿ ತರಸ್ರಿ, ನಿಶ್ಚಯ ಮಾಡೂಣು."

ಮೊಮ್ಮಗಳ ತೊಟ್ಟಿಲಿನ ದಿನ, ಮುದ್ದೇಬಿಹಾಳಕ್ಕೆ ವರ್ಗವಾಗಿದ್ದ ಮಾಸ್ತರರು ಬಂದರು. ಅದೇ ಬೀಗತಿ ಕೂಸನ್ನು ತಂದು ಅವರ ತೊಡೆಯ ಮೇಲೆ ಹಾಕಿದರು. ಕೂಸಿಗೆ ಅಲ್ಲೇ ನಿದ್ದೆ ಹತ್ತಿತು. ಗಳಿಗೆ ನಿಲ್ಲದ ಮನುಷ್ಯ ಅಲ್ಲಾಡದೆ ಕೂತರು. "ಕಾಲು ಜೋಮು ಹಿಡದಾವ್ರಿ ಅಕ್ಕಾರ," ಎಂದು ಪಿಸುಗುಟ್ಟಿದರು. ಎತ್ತಿಕೊಳ್ಳಲು ಹೋದರೆ ಬಿಡಲಿಲ್ಲ.

ಮುಂದಿನ ವರ್ಷ ಎದೆನೋವಿನಿಂದ ತೀರಿಕೊಂಡರು. ಅವರ ಹೊಸ ಮಾಪ ಗೆದ್ದಿತೋ ಇಲ್ಲವೋ, ಹೇಳುವವರು ನನಗೆ ಸಿಗಲಿಲ್ಲ. ಇದನ್ನು ಬರೆಯುವಾಗಲೂ ಮೊಮ್ಮಗಳು "ಆಯಿ, ಏಳ," ಎಂದು ಕೈ ಜಗ್ಗುತ್ತಿದ್ದಾಳೆ. ಅಕ್ಷರಗಳು ಸೊಟ್ಟಾಗುತ್ತಿವೆ. ನಾನು ಆಯಿಯಾದದ್ದು ಅವರ ಆ ಒಂದು ‘ಇಲ್ರಿ’ಯಿಂದ.