ಗಡಿ ಆಮೆಗೆ ಮೂರು ಸುತ್ತು

ನಾನು ಸುಳ್ಳು ಹೇಳುವವನಲ್ಲ, ನಿಜಕ್ಕೆ ಸ್ವಲ್ಪ ಒಗ್ಗರಣೆ ಹಾಕುವವನು ಅಷ್ಟೇ. ನೀರಿನ ಮಟ್ಟ ಅಳೆಯುವ ಯಂತ್ರ ಕೂರಿಸಲು ನಾನೂ ಥಾರ್ನ್ಲಿ ಬಡಾವಣೆಯ ಸುಧಿಯೂ ಪರ್ತ್‌ನಿಂದ ಮೆಕಾಂಗ್ ನದಿಗೆ ಹೋಗಿದ್ದೆವು. ಈ ದಡ ಥಾಯ್ಲೆಂಡ್, ಆ ದಡ ಲಾವೋಸ್, ನಡುವೆ ನಮ್ಮನೆ ಹಿತ್ತಲಿನಷ್ಟು ಒಂದು ದ್ವೀಪ. ದೋಣಿಯಾಕೆ ಅದರ ಕಥೆ ಹೇಳಿದಳು. ಯಾವ ದಡದಲ್ಲಿ ಮೊಟ್ಟೆಯಿಡಲಿ ಅಂತ ತೀರ್ಮಾನಿಸಲಾರದ ಆಮೆಯೊಂದು ಅಲ್ಲೇ ಕೂತು ಕಲ್ಲಾಯಿತಂತೆ.

ಅವಳ ಭಾಷೆಯ ನಾಲ್ಕು ಮಾತು ಬಲ್ಲವನು ನಾನೊಬ್ಬನೇ.

"ಏನಂತೆ ಸಾರ್?" ಎಂದ ಸುಧಿ. ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸೋಕೆ ಬೇಕಾದ ಪಿಆರ್ ಬಂತೇನೋ ಅಂತ ಎರಡು ವರ್ಷದಿಂದ ಗಳಿಗೆಗೊಮ್ಮೆ ಇಮೇಲ್ ನೋಡುತ್ತಿದ್ದ ಪ್ರಾಣಿ ಅದು.

"ಬರಿಗಾಲಲ್ಲಿ ಮೂರು ಪ್ರದಕ್ಷಿಣೆ ಹಾಕಿದರೆ ಬೇಕಾದ ದೇಶದಲ್ಲಿ ನೆಲೆ ಸಿಗತ್ತಂತೆ ಕಣಯ್ಯಾ."

"ಸುಮ್ನಿರಿ ಸಾರ್, ನಾನು ಇಂಜಿನಿಯರ್," ಅನ್ನುತ್ತಲೇ ಶೂ ಬಿಚ್ಚಿದ. ಮೊಣಕಾಲುದ್ದ ಕೆಸರಿನಲ್ಲಿ, ದ್ವೀಪ ಬಲಕ್ಕೇ ಇರುವಂತೆ ಶಾಸ್ತ್ರೋಕ್ತವಾಗಿ, ಕೈಮುಗಿದು ಮೂರು ಸುತ್ತು ಹಾಕಿದ.

"ಏನು ಮಾಡ್ತಿದ್ದಾನೆ?" ದೋಣಿಯಾಕೆ ಕೇಳಿದಳು.

"ಅಳತೆ ತಗೋತಿದ್ದಾನೆ," ಅಂದೆ.

ಪರ್ತ್‌ಗೆ ಮರಳಿದ ಒಂಬತ್ತನೇ ದಿನ ಸುಧಿಗೆ ಪಿಆರ್ ಬಂತು. ಅವನ ಮನೆಯ ಬಾರ್ಬೆಕ್ಯೂ ಪಾರ್ಟಿಯಲ್ಲಿ ಮೂರು ಜನ ಆಂಟಿಯರು ಆ ದ್ವೀಪದ ಮಹಿಮೆಯನ್ನು ನನಗೇ ವಿವರಿಸಿದರು. ಒಳಗೊಳಗೇ ನಕ್ಕೆ.

ಅವನಿಗಿಂತ ವರ್ಷ ಮೊದಲೇ ಹಾಕಿದ ನನ್ನ ಅರ್ಜಿ ಮಾತ್ರ ಆಮೆಯ ಹಾಗೆ ಕೂತಲ್ಲೇ ಕೂತಿದೆ. ಮುಂದಿನ ತಿಂಗಳು ಮತ್ತೆ ಮೆಕಾಂಗ್‌ಗೆ ಹೋಗ್ತಿದ್ದೀನಿ, ಯಂತ್ರ ನೋಡ್ಕೊಂಡು ಬರೋಕೆ, ಇನ್ನೇನಕ್ಕೂ ಅಲ್ಲ. ಈ ಸಲ ಶೂ ಬೇಡ ಅಂತ ಚಪ್ಪಲಿ ತಗೊಂಡಿದ್ದೀನಿ. ಬಿಚ್ಚೋಕೆ ಸುಲಭ.